ಬಸಿದ ನೀರು

ಎಂ.ಎಸ್ಸಿ. ಸೇರಿದ ವರ್ಷ ದಸರಾ ರಜಕ್ಕೆ ಊರಿಗೆ ಹೋಗಿದ್ದೆ. ನಮ್ಮದು ನಾಗಮಂಗಲದ ಕಡೆಯ ಹಳ್ಳಿ. ಜಗಲಿಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದ ಅಜ್ಜಿ, "ಅದೇನ್ ಓದ್ತಿದ್ದೀಯ ಮಗಾ ಮೈಸೂರಲ್ಲಿ?" ಅಂದಳು. ಕಾಯಿಲೆಯವರು ಏನು ತಿನ್ನಬೇಕು, ಎಷ್ಟು ತಿನ್ನಬೇಕು ಅಂತ ಹೇಳುವುದನ್ನು ಕಲಿಯುತ್ತಿದ್ದೇನೆ ಅಂದೆ. ಅಜ್ಜಿಗೆ ನಗು ತಡೆಯಲಾಗಲಿಲ್ಲ. "ಉಣ್ಣಾದ್ ಹೇಳ್ಕೊಡಕ್ಕೂ ಒಂದ್ ಕಾಲೇಜ್ ಮಡ್ಗವ್ರಾ!"

ನನಗೆ ಸಿಟ್ಟು ಬಂದಿತ್ತು. ಆಹಾರ ಮತ್ತು ಪೋಷಣೆ ಅಂದರೆ ಹೋಮ್ ಸೈನ್ಸ್, ಹೋಮ್ ಸೈನ್ಸ್ ಅಂದರೆ ಅಡುಗೆ, ಅಡುಗೆ ಅಂದರೆ ಮದುವೆಗೆ ತಯಾರಿ ಅನ್ನುವ ಮಾತುಗಳನ್ನು ಡಿಗ್ರಿಯಿಂದಲೂ ಕೇಳಿ ಸಾಕಾಗಿತ್ತು. ನಾವು ಓದುತ್ತಿದ್ದದ್ದು ಬಯೋಕೆಮಿಸ್ಟ್ರಿ, ಶರೀರಶಾಸ್ತ್ರ, ಸಂಖ್ಯಾಶಾಸ್ತ್ರ. ಮೂತ್ರಪಿಂಡ ಸೋತರೆ ರಕ್ತದಲ್ಲಿ ಏನೇನು ಏರುತ್ತದೆ, ಪಿತ್ತಜನಕಾಂಗ ಸೋತರೆ ಏನೇನು ಇಳಿಯುತ್ತದೆ ಅನ್ನುವುದನ್ನು ನಿದ್ದೆಯಲ್ಲಿ ಕೇಳಿದರೂ ಹೇಳುವಷ್ಟು ಬಾಯಿಪಾಠ ಮಾಡಿದ್ದೆವು. ಕೈಯಲ್ಲಿ ಸದಾ 'ಗೋಪಾಲನ್'. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿದ್ದ ಸಿ. ಗೋಪಾಲನ್ ಮತ್ತು ಸಂಗಡಿಗರು 1971ರಲ್ಲಿ ತಂದ, ಭಾರತದ ಆಹಾರಗಳ ಪೋಷಕಾಂಶದ ಪುಸ್ತಕ ಅದು. ಹೆಸರು ಉದ್ದವಾದ್ದರಿಂದ ತಲೆತಲಾಂತರದ ವಿದ್ಯಾರ್ಥಿಗಳು ಅದನ್ನು ಗೋಪಾಲನ್ ಅಂತಲೇ ಕರೆಯುತ್ತಾರೆ. "ಗೋಪಾಲನ್ ಕೊಡೇ ಒಂದ್ನಿಮಿಷ" ಅಂದರೆ ಹಾಸ್ಟೆಲಿನಲ್ಲಿ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ನೂರು ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಕ್ಯಾಲ್ಸಿಯಂ ಅಂತ ಅದರಲ್ಲಿದೆ. ಅದೇ ಸಂಸ್ಥೆ 2017ರಲ್ಲಿ ತಂದ ಹೊಸ ಕೋಷ್ಟಕದಲ್ಲಿ ಅದು 364. ನಮ್ಮೂರಿನ ರಾಗಿಗೆ ಪುಸ್ತಕದಲ್ಲಿ ಸಿಕ್ಕ ಮರ್ಯಾದೆ ನೋಡಿ ಹಿಗ್ಗಿದ್ದೆ.

ಅನುಮಾನ ಮೊದಲು ಬಂದದ್ದು ಮುದ್ದೆಯ ವಿಷಯದಲ್ಲಿ. ಹಿಂದಿನ ದಿನ ಬೆಳಗ್ಗೆಯಿಂದ ರಾತ್ರಿಯವರೆಗೆ ಏನೇನು ತಿಂದಿರಿ ಅಂತ ಕೇಳಿ ಬರೆದುಕೊಂಡು, ಅದನ್ನು ಕ್ಯಾಲೊರಿಗೆ, ಪ್ರೋಟೀನಿಗೆ ತಿರುಗಿಸುವುದು ನಮ್ಮ ವೃತ್ತಿಯ ಅ ಆ ಇ ಈ. ಅಳತೆಯ ಬಟ್ಟಲು, ಚಮಚಗಳನ್ನು ಮುಂದಿಟ್ಟುಕೊಂಡು ಕೇಳುತ್ತೇವೆ. ಅನ್ನಕ್ಕೆ, ಸಾರಿಗೆ ಬಟ್ಟಲು ಸರಿ. ಒಂದು ಮುದ್ದೆ ಅಂದರೆ ಎಷ್ಟು? ತರಗತಿಯಲ್ಲಿ ಒಂದು ಅಂಕಿ ಹಿಡಿದುಕೊಂಡು ಲೆಕ್ಕ ಮಾಡುತ್ತಿದ್ದೆವು. ಒಂದು ಭಾನುವಾರ ಊರಿನಲ್ಲಿ ಅವ್ವ ಕಟ್ಟಿದ ಮುದ್ದೆಗಳನ್ನು ಲ್ಯಾಬಿನಿಂದ ತಂದಿದ್ದ ತಕ್ಕಡಿಯ ಮೇಲಿಟ್ಟೆ. ಅಪ್ಪನದು 410 ಗ್ರಾಂ, ನನ್ನದು 230, ಅವ್ವ ತನಗೆ ಅಂತ ಕೊನೆಗೆ ಕಟ್ಟಿಕೊಂಡದ್ದು 180. ಮೂರೂ 'ಒಂದು ಮುದ್ದೆ'ಯೇ. ಅವ್ವನ ಮುದ್ದೆಯ ಬಗ್ಗೆ ಆ ದಿನ ಏನೂ ಕೇಳಲಿಲ್ಲ. ಕೇಳಬೇಕಿತ್ತು.

ಆಮೇಲೆ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಆರು ತಿಂಗಳ ಇಂಟರ್ನ್‌ಶಿಪ್. ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ ನಡೆಸುವ ರಿಜಿಸ್ಟರ್ಡ್ ಡಯಟಿಷಿಯನ್ ಪರೀಕ್ಷೆಗೆ ಕೂರಬೇಕು ಅನ್ನುವ ಆಸೆ. ಫೋನಿನಲ್ಲಿ ನಾಲ್ಕು ವಿಡಿಯೊ ಹಾಕಿದವರೆಲ್ಲ ನ್ಯೂಟ್ರಿಷನಿಸ್ಟ್ ಆಗುವ ಕಾಲದಲ್ಲಿ ಹೆಸರಿನ ಮುಂದೆ ಆ ಎರಡು ಅಕ್ಷರ ಬಂದರೆ ಸಾಕು ಅನ್ನಿಸುತ್ತಿತ್ತು.

ಬೆಳಗ್ಗೆ ಏಳಕ್ಕೆ ಆಸ್ಪತ್ರೆಯ ಅಡುಗೆಮನೆಯಲ್ಲಿರಬೇಕು. ತಲೆಗೆ ಟೋಪಿ, ಕೈಯಲ್ಲಿ ವಾರ್ಡುಗಳ ಪಟ್ಟಿ. ಸಕ್ಕರೆ ಕಾಯಿಲೆಯವರ ತಟ್ಟೆಗೆ ಒಂದು ಚೀಟಿ, ಉಪ್ಪು ಕಡಿಮೆಯವರಿಗೆ ಇನ್ನೊಂದು, ಮೆತ್ತಗಿನ ಊಟದವರಿಗೆ ಮತ್ತೊಂದು. ಮೂಗಿನ ನಳಿಗೆಯಲ್ಲಿ ಆಹಾರ ಹೋಗುವವರಿಗೆ ಎರಡೆರಡು ಗಂಟೆಗೆ 200 ಮಿಲಿಲೀಟರ್, ಸೋಸಿ, ಸಮಯ ಬರೆದು ಕಳಿಸಬೇಕು. ಹತ್ತು ಗಂಟೆಗೆ ವೈದ್ಯರ ಹಿಂದೆ ರೌಂಡ್ಸ್. ಮಧ್ಯಾಹ್ನ, ಮನೆಗೆ ಹೊರಟ ರೋಗಿಗಳಿಗೆ ಡಯಟ್ ಹೇಳಿಕೊಡುವ ಕೆಲಸ. ನಮ್ಮ ವಿಭಾಗದ ಮುಖ್ಯಸ್ಥೆ ಕೇರಳದವರು, ಉಳಿದ ಇಬ್ಬರು ಉತ್ತರದ ಕಡೆಯವರು. ಮಂಡ್ಯ, ತುಮಕೂರು, ಹಾಸನದ ಕಡೆಯ ರೋಗಿ ಬಂದರೆ "ನೀನು ಹೋಗು, ನಿನಗೆ ಚೆನ್ನಾಗಿ ಭಾಷೆ ಬರುತ್ತೆ" ಅಂತ ನನ್ನನ್ನು ಕಳಿಸುತ್ತಿದ್ದರು. ನನಗದು ಹೆಮ್ಮೆಯ ವಿಷಯ.

ಮೂರನೇ ತಿಂಗಳಲ್ಲಿ ಒಬ್ಬರು ಬಂದರು. ನಮ್ಮ ಪಕ್ಕದ ತಾಲ್ಲೂಕಿನ ರೈತ, ವಯಸ್ಸು ಐವತ್ತು ದಾಟಿತ್ತು. ಹದಿನೈದು ವರ್ಷದ ಸಕ್ಕರೆ ಕಾಯಿಲೆ ಮೂತ್ರಪಿಂಡವನ್ನು ತಿಂದಿತ್ತು. ಡಯಾಲಿಸಿಸ್ ಇನ್ನೂ ಶುರುವಾಗಿರಲಿಲ್ಲ. ರಕ್ತದಲ್ಲಿ ಪೊಟ್ಯಾಶಿಯಂ ಏರಿ, ಔಷಧಿಯಿಂದ ಇಳಿಸಿ ಮನೆಗೆ ಕಳಿಸುತ್ತಿದ್ದರು. ಆರೋಗ್ಯವಂತರಲ್ಲಿ ಇದು ಸುಮಾರು 3.5ರಿಂದ 5ರ ನಡುವೆ ಇರುತ್ತದೆ. ಹೆಚ್ಚಾದದ್ದನ್ನು ಮೂತ್ರಪಿಂಡ ಹೊರಹಾಕುತ್ತದೆ. ಮೂತ್ರಪಿಂಡ ಸೋತವರಲ್ಲಿ ಅದು ಏರುತ್ತಾ ಹೋದರೆ ಹೃದಯದ ಬಡಿತವೇ ತಪ್ಪುತ್ತದೆ. ಹಾಗಾಗಿ ಎಳನೀರು ಬೇಡ, ಬಾಳೆಹಣ್ಣು ಬೇಡ, ಸೊಪ್ಪು ತರಕಾರಿಗಳನ್ನು ಹೆಚ್ಚಿ, ಜಾಸ್ತಿ ನೀರಿನಲ್ಲಿ ಬೇಯಿಸಿ, ಆ ನೀರನ್ನು ತೆಗೆದು ಆಮೇಲೆ ಬಳಸಬೇಕು. ಪೊಟ್ಯಾಶಿಯಂ ನೀರಿಗಿಳಿಯುತ್ತದೆ. ನಮ್ಮ ಪುಸ್ತಕಗಳಲ್ಲಿ ಇದಕ್ಕೆ ಲೀಚಿಂಗ್ ಅನ್ನುತ್ತಾರೆ.

ಅವರ ಹೆಂಡತಿಗೆ ಇಪ್ಪತ್ತು ನಿಮಿಷ ಹೇಳಿದೆ. "ಸೊಪ್ಪು, ಕಾಳು ಏನೇ ಬೇಯಿಸಿದರೂ ನೀರು ಚೆನ್ನಾಗಿ ಬಸಿದುಬಿಡಿ ಅಮ್ಮ" ಅಂದೆ. ಆಕೆ ತಲೆಯಾಡಿಸಿದರು. "ಬಸಿತೀನಿ ಮೇಡಮ್ಮೋರೆ, ನಮಗೆ ಅದೇನ್ ಹೊಸ್ದಾ" ಅಂದರು. ಕೈಗೆ ಕೊಟ್ಟ ಅಚ್ಚಿನ ಕನ್ನಡ ಹಾಳೆಯಲ್ಲೂ 'ನೀರು ಬಸಿದು ಬಳಸಿ' ಅಂತಲೇ ಇತ್ತು. ಫೈಲಿನಲ್ಲಿ ಇಂಗ್ಲಿಷಿನಲ್ಲಿ ಬರೆದೆ: ಲೀಚಿಂಗ್ ವಿವರಿಸಲಾಗಿದೆ, ಮನೆಯವರಿಗೆ ಅರ್ಥವಾಗಿದೆ. ಕೆಳಗೆ ನನ್ನ ಸಹಿ.

ಹನ್ನೆರಡು ದಿನಕ್ಕೆ ಅವರು ಎಮರ್ಜೆನ್ಸಿಗೆ ಬಂದರು. ಕಾಲಿನಲ್ಲಿ ಶಕ್ತಿಯಿಲ್ಲ, ಪೊಟ್ಯಾಶಿಯಂ 6.9. ಹೃದಯವನ್ನು ಕಾಯಲು ಕ್ಯಾಲ್ಸಿಯಂ ಚುಚ್ಚುಮದ್ದು, ಪೊಟ್ಯಾಶಿಯಂ ಇಳಿಸಲು ಇನ್ಸುಲಿನ್ ಜೊತೆ ಗ್ಲೂಕೋಸ್ ಕೊಟ್ಟು, ಆ ರಾತ್ರಿಯೇ ಮೊದಲ ಡಯಾಲಿಸಿಸ್ ಮಾಡಿದರು. ಮರುದಿನ ಬೆಳಗ್ಗೆ ನಮ್ಮ ಮುಖ್ಯಸ್ಥೆ ನನ್ನನ್ನು ಕರೆದುಕೊಂಡು ಹೋಗಿ ಆ ಹೆಂಗಸಿನ ಎದುರು ನಿಲ್ಲಿಸಿದರು. ಎಳನೀರು ಕೊಟ್ಟಿರಾ? ಇಲ್ಲ. ಹಣ್ಣು? ಇಲ್ಲ. ತರಕಾರಿ ನೀರು?

"ನೀವೇಳ್ದಂಗೇ ಬಸ್ದೆ ಕಣವ್ವಾ. ದಿನಾ ಬಸ್ದೆ."

ಬಸಿದ ನೀರನ್ನು ಏನು ಮಾಡಿದಿರಿ ಅಂತ ಕೇಳುವಷ್ಟರಲ್ಲೇ ನನಗೆ ಗೊತ್ತಾಗಿಹೋಗಿತ್ತು.

"ಏನ್ಮಾಡದು, ಸಾರ್ ಮಾಡ್ದೆ. ಕಾಳ್ ಜಾಸ್ತಿ ಕೊಡ್ಬೇಡಿ ಅಂದಿದ್ರಲ್ಲ, ಪಲ್ಯ ಮಕ್ಳಿಗ್ ಹಾಕಿ ಇವ್ರಿಗ್ ಬರೀ ಸಾರ್ ಬುಟ್ಟೆ."

ಬಸ್ಸಾರು! ಸೊಪ್ಪು ಕಾಳು ಬೇಯಿಸಿ, ಕಟ್ಟನ್ನು ಬಸಿದು, ಅದಕ್ಕೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಮೆಣಸು, ಹುಣಸೆ ರುಬ್ಬಿ ಹಾಕಿ ಕುದಿಸುವ ಸಾರು. ಬಸಿದುಳಿದದ್ದು ಪಲ್ಯ. ವಾರಕ್ಕೆರಡು ದಿನ ಉಂಡು ಬೆಳೆದವಳು ನಾನು. ನಮ್ಮ ಕಡೆ 'ಬಸಿ' ಅಂದರೆ ಚೆಲ್ಲು ಅಂತ ಯಾರಿಗೂ ಅರ್ಥವಾಗುವುದಿಲ್ಲ. ಬಸಿಯುವುದೇ ನೀರಿಗಾಗಿ. ಆಕೆ ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಪಾಲಿಸಿದ್ದರು. ಯಾವುದನ್ನು ಎಸೆಯಬೇಕಿತ್ತೋ ಅದನ್ನೇ ಹನ್ನೆರಡು ದಿನ ಬಡಿಸಿದ್ದರು. ವಿಭಾಗದಲ್ಲಿ ಉಳಿದ ಯಾರಿಗೂ ಬಸ್ಸಾರು ಗೊತ್ತಿರಲಿಲ್ಲ, ಅವರ ಮೇಲೆ ತಪ್ಪು ಹೊರಿಸುವಂತಿಲ್ಲ. ಗೊತ್ತಿದ್ದವಳು ನಾನೊಬ್ಬಳೇ. ಆದರೆ ಬಿಳಿ ಕೋಟು ಹಾಕಿಕೊಂಡು ಕೂತಾಗ ನನ್ನ ತಲೆಯಲ್ಲಿದ್ದದ್ದು ಲೀಚಿಂಗ್. ಅವ್ವನ ಒಲೆ ಅಲ್ಲಿರಲೇ ಇಲ್ಲ.

ರಕ್ತದೊತ್ತಡದ ಒಂದು ಮಾತ್ರೆಯೂ ಪೊಟ್ಯಾಶಿಯಂ ಏರಿಸಿರಬಹುದು ಅಂತ ವೈದ್ಯರು ಆಮೇಲೆ ಅದನ್ನು ಬದಲಾಯಿಸಿದರು. ಅದನ್ನು ಹಿಡಿದುಕೊಂಡು ಸಮಾಧಾನ ಮಾಡಿಕೊಳ್ಳಲು ಕೆಲವು ದಿನ ಪ್ರಯತ್ನಿಸಿದೆ. ಆಗಲಿಲ್ಲ.

ಮುಖ್ಯಸ್ಥೆ ಬೈಯಲಿಲ್ಲ. ಫೈಲು ತೆರೆದು, 'ಅರ್ಥವಾಗಿದೆ' ಅನ್ನುವ ಸಾಲಿನ ಮೇಲೆ ಬೆರಳಿಟ್ಟು, "ಇದನ್ನು ಹೇಗೆ ತಿಳಿದೆ?" ಅಂತ ಮಾತ್ರ ಕೇಳಿದರು. ಮತ್ತೆ ಹೇಳಿಕೊಡು, ಈ ಸಲ ಅವರ ಬಾಯಲ್ಲೇ ತಿರುಗಿ ಹೇಳಿಸು ಅಂದರು.

ಮತ್ತೆ ಕೂತೆ. ಆ ನೀರನ್ನು ಚೆಲ್ಲಬೇಕು ಅಂದಾಗ ಆಕೆಯ ಮುಖ ನೋಡಬೇಕಿತ್ತು. "ಸತ್ವೆಲ್ಲ ಅದ್ರಲ್ಲೇ ತಾನೆ ಇರದು, ಚೆಲ್ತಾರಾ ಯಾರಾದ್ರೂ?" ಅಂದರು. ಅದು ಸರಿಯಾದ ಮಾತೇ. ತರಕಾರಿ ಬೇಯಿಸಿದ ನೀರನ್ನು ಚೆಲ್ಲಬೇಡಿ, ಖನಿಜಾಂಶ, ಕೆಲವು ಜೀವಸತ್ವಗಳು ಅದರಲ್ಲಿ ಹೋಗುತ್ತವೆ ಅಂತ ಡಿಗ್ರಿಯ ಮೊದಲ ವರ್ಷದಲ್ಲೇ ನಮಗೆ ಕಲಿಸುತ್ತಾರೆ. ಆ ಲೆಕ್ಕದಲ್ಲಿ ಬಸ್ಸಾರು ಪಾಠಕ್ಕೆ ಹೇಳಿ ಮಾಡಿಸಿದ ಅಡುಗೆ. ಆಕೆಗೆ ಗೊತ್ತಿದ್ದ ಸತ್ವವೇ ಆಕೆಯ ಗಂಡನಿಗೆ ಆಗದ್ದು ಅಂತ ವಿವರಿಸಲು ನನಗೆ ಸುಲಭವಾಗಲಿಲ್ಲ.

"ಅಂಗಾದ್ರೆ ಸಾರ್ ಯಾತ್ರಲ್ಲಿ ಮಾಡ್ಲಿ?"

ಉತ್ತರ ನನ್ನ ಹಾಳೆಯಲ್ಲಿ ಇರಲಿಲ್ಲ. ಸಂಜೆ ಅವ್ವನಿಗೆ ಫೋನು ಮಾಡಿದೆ. ಮೊದಲ ನೀರು ಚೆಲ್ಲಿ, ಬೆಂದ ಸೊಪ್ಪಿನಲ್ಲಿ ಒಂದು ಹಿಡಿ ಮಾತ್ರ ತೆಗೆದು ರುಬ್ಬಿ, ಹೊಸ ನೀರಲ್ಲಿ ಕುದಿಸಿದರೆ ಹೇಗಿರುತ್ತೆ ಅಂತ ಕೇಳಿದೆ. "ಚೆನ್ನಾಗಿರಲ್ಲ. ಒಸಿ ಬೆಳ್ಳುಳ್ಳಿ ಜಾಸ್ತಿ ಹಾಕಿದ್ರೆ ಉಣ್ಬೋದು" ಅಂದಳು. ಹುಣಸೆ, ಟೊಮೊಟೊ, ಕಾಯಿ ಎಲ್ಲದರಲ್ಲೂ ಪೊಟ್ಯಾಶಿಯಂ ಇದೆಯಾದ್ದರಿಂದ ಎಷ್ಟೆಷ್ಟು ಇಳಿಸಬೇಕು ಅಂತ ರಾತ್ರಿ ಲೆಕ್ಕ ಹಾಕಿದೆ. ಮರುದಿನ ಆಕೆ ಪೂರ್ತಿ ತಿರುಗಿ ಹೇಳಿದ ಮೇಲೆಯೇ ಫೈಲಿಗೆ ಸಹಿ ಮಾಡಿದ್ದು. ಅಚ್ಚಿನ ಹಾಳೆಯಲ್ಲಿ 'ಬಸಿದು' ಅನ್ನುವುದನ್ನು ಹೊಡೆದು 'ಚೆಲ್ಲಿ' ಅಂತ ಬರೆಸಿದರು.

ಪರೀಕ್ಷೆ ಬರೆದೆ, ಪಾಸಾದೆ. ಆದರೂ ಆಸ್ಪತ್ರೆಯ ಕೆಲಸಕ್ಕೆ ಹೋಗದೆ ಪಿಎಚ್‌.ಡಿ.ಗೆ ಸೇರಿದ್ದಕ್ಕೆ ಆ ಪ್ರಕರಣವೇ ಕಾರಣ ಅಂದರೆ ಪೂರ್ತಿ ನಿಜವಲ್ಲ, ಫೆಲೋಶಿಪ್ ಸಿಕ್ಕಿತ್ತು ಅನ್ನುವುದೂ ಇದೆ. ವಿಷಯ ಮಾತ್ರ ಅಲ್ಲಿಂದಲೇ ಬಂದದ್ದು. 2017ರ ಕೋಷ್ಟಕದಲ್ಲಿ 528 ಆಹಾರಗಳಿವೆ. ದಂಟು ಇದೆ, ಹುರುಳಿ ಇದೆ, ಅವರೆ ಇದೆ. ಬಸ್ಸಾರಿನದೊಂದು ಸಾಲಿಲ್ಲ. ಹಾಗಾಗಿ ಈಗ ಮೈಸೂರಿನ ಲ್ಯಾಬಿನಲ್ಲಿ ಕಟ್ಟನ್ನೂ ಪಲ್ಯವನ್ನೂ ಬೇರೆ ಬೇರೆ ಒಣಗಿಸಿ, ಕುಲುಮೆಯಲ್ಲಿ ಬೂದಿ ಮಾಡಿ, ಆಮ್ಲದಲ್ಲಿ ಕರಗಿಸಿ, ಫ್ಲೇಮ್ ಫೋಟೊಮೀಟರಿನಲ್ಲಿ ಪೊಟ್ಯಾಶಿಯಂ ಅಳೆಯುತ್ತೇನೆ. ಸೊಪ್ಪನ್ನು ಬಹಳ ಸಲ ಅವ್ವನೇ ಬಸ್ಸಿಗೆ ಹಾಕಿ ಕಳಿಸುತ್ತಾಳೆ. ಬೂದಿಯಾಗುವ ಸಂಗತಿ ಅವಳಿಗೆ ಹೇಳಿಲ್ಲ.

ಆ ರೈತರಿಗೆ ಈಗ ವಾರಕ್ಕೆರಡು ಸಲ ಡಯಾಲಿಸಿಸ್. ಡಯಾಲಿಸಿಸ್ ಶುರುವಾದರೆ ಪ್ರೋಟೀನು ಹೆಚ್ಚು ಬೇಕಾಗುತ್ತದೆ. ಕಾಳಿನ ಪಲ್ಯ ಅಳತೆಯಲ್ಲಿ ಮತ್ತೆ ಅವರ ತಟ್ಟೆಗೆ ಬಂದಿದೆ. ಕಳೆದ ಡಿಸೆಂಬರಿನಲ್ಲಿ ಆಕೆ ಫೋನು ಮಾಡಿದ್ದರು. ಸೊಗಡವರೆ ಬಂದಿದೆ, ಗಂಡ ಹಿತಕಿದ ಬೇಳೆ ಸಾರು ಬೇಕು ಅಂತ ಹಟ ಹಿಡಿದಿದ್ದಾರೆ, ಒಂದು ದಿನ ಕೊಡಬಹುದಾ ಅಂತ. ಕೊಡಬಹುದು, ಕೊಡಬಾರದು ಅನ್ನುವ ಮೊದಲು, "ನೀವು ಅದನ್ನ ಹೆಂಗ್ ಮಾಡ್ತೀರ ಹೇಳಿ ಅಮ್ಮ" ಅಂದೆ. ಹಿಂದಿನ ರಾತ್ರಿ ಕಾಳು ನೆನೆಹಾಕುವಲ್ಲಿಂದ ಶುರು ಮಾಡಿದರು. ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದೆ. ನೆನೆಸಿದ ನೀರನ್ನು ಏನು ಮಾಡ್ತೀರ ಅಂತ ಕೇಳಿದೆ. "ಅದ್ನ ಚೆಲ್ತೀವಿ ಕಣವ್ವ," ಅಂದು ಸ್ವಲ್ಪ ತಡೆದು, "ಚೆಲ್ಲದೇ ಅಲ್ವಾ?" ಅಂದರು.