ಅಚ್ಚುಬೆಲ್ಲದ ಗುರುತು

ಮಳವಳ್ಳಿ ಕಡೆಯ ನಮ್ಮೂರ ಮನೆಯಲ್ಲಿ, ಅಡುಗೆಮನೆ ಬಾಗಿಲ ಪಕ್ಕ ಒಂದು ಕೊಕ್ಕೆ ಕಂಬಿ ನೇತಾಡುತ್ತಿತ್ತು. ಕಬ್ಬಿನ ತೂಕದ ಚೀಟಿ, ಕಂದಾಯದ ರಸೀದಿ, ಗೊಬ್ಬರದಂಗಡಿ ಬಿಲ್ಲು ಎಲ್ಲವನ್ನೂ ಅಪ್ಪ ಅದಕ್ಕೆ ಚುಚ್ಚಿಡುತ್ತಿದ್ದರು. ಕತ್ತಲಲ್ಲೂ ಅವರ ಕೈ ನೇರ ಅಲ್ಲಿಗೇ ಹೋಗುತ್ತಿತ್ತು. ಈಗ ಆ ಕಾಗದಗಳೆಲ್ಲ ಮಂಡ್ಯದ ಮನೆಯ ಉಬುಂಟು ಕಂಪ್ಯೂಟರಿನಲ್ಲಿವೆ. ಅವಕ್ಕೆ ಕೊಕ್ಕೆ ಹಾಕಿಡುವುದು ನನ್ನ ಭಾನುವಾರದ ಸುಖ.

ಪರದೆಯ ಎಡಗಡೆ ನಿಂತಿರುವ ಲಾಂಚರ್ ಪಟ್ಟಿ ಆ್ಯಪ್‌ಗಳಿಗೆ ಜಾಗ ಕೊಡುತ್ತದೆ, ಫೈಲುಗಳಿಗೆ ಕೊಡುವುದಿಲ್ಲ. ಕಬ್ಬಿನ ಲೆಕ್ಕದ ಹಾಳೆಯನ್ನು ಎಳೆದು ತಂದು ಬಿಟ್ಟರೆ ಅಲ್ಲಿ ನಿಲ್ಲದು. ಹಾಗಾಗಿ ಫೈಲಿಗೆ ಆ್ಯಪಿನ ವೇಷ ಹಾಕಬೇಕು. ಟೆಕ್ಸ್ಟ್ ಎಡಿಟರಿನಲ್ಲಿ ಐದಾರು ಸಾಲು ಬರೆದು, ಹೆಸರಿನ ಬಾಲಕ್ಕೆ ‘ಡಾಟ್ ಡೆಸ್ಕ್‌ಟಾಪ್’ ಸೇರಿಸಿ, ಹೋಮ್ ಫೋಲ್ಡರಿನಲ್ಲಿ ಅಡಗಿರುವ ಡಾಟ್ ಲೋಕಲ್, ಅದರೊಳಗಿನ ಶೇರ್, ಅದರೊಳಗಿನ ಅಪ್ಲಿಕೇಶನ್ಸ್ ಫೋಲ್ಡರಿನಲ್ಲಿ ಉಳಿಸಿ, ಆ್ಯಪ್‌ಗಳ ನಡುವೆ ಅದು ಕಾಣಿಸಿಕೊಂಡ ಮೇಲೆ ಲಾಂಚರ್ ಪಟ್ಟಿಗೆ ಸೇರಿಸಿದರೆ ಆಯಿತು. ‘ಎಕ್ಸೆಕ್’ ಎಂಬ ಸಾಲೇ ಜೀವಾಳ: ‘ಎಕ್ಸ್‌ಡಿಜಿ-ಓಪನ್’ ಎಂದು ಬರೆದು ಫೈಲಿನ ಪೂರ್ತಿ ವಿಳಾಸ ಕೊಡಬೇಕು. ಹೋಮ್ ಫೋಲ್ಡರಿಗೆ ಬಳಸುವ ಟಿಲ್ಡೆ ಚಿಹ್ನೆ ಇಲ್ಲಿ ನಡೆಯದು. ಇಷ್ಟು ತಿಳಿಯಲು ನನಗೆ ಒಂದಿಡೀ ಸಂಜೆ ಹಿಡಿಯಿತು.

‘ಐಕಾನ್’ ಸಾಲಿಗೆ ಬಂದಾಗ ನಾನು ಆತುರಪಡುವುದಿಲ್ಲ. ನಮ್ಮ ಕಬ್ಬಿನ ಲೆಕ್ಕಕ್ಕೆ ಯಾವುದೋ ಹಸಿರು ಹಾಳೆಯ ಚಿತ್ರ ಒಪ್ಪುವುದಿಲ್ಲ. ಆಲೆಮನೆಯಿಂದ ತಂದ ಅಚ್ಚುಬೆಲ್ಲವನ್ನು ಅಪ್ಪನ ಬಿಳಿ ಪಂಚೆಯ ಮೇಲಿಟ್ಟು, ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆದು, ಚೌಕವಾಗಿ ಕತ್ತರಿಸಿದೆ. ಪಟ್ಟಿಯಲ್ಲಿ ಹೆಬ್ಬೆರಳ ಉಗುರಿನಷ್ಟೇ ಕಾಣುತ್ತದೆ. ಆದರೂ ಒಂದು ಮೂಲೆ ಮುರಿದಿರುವುದು ಗೊತ್ತಾಗುತ್ತದೆ.

ಅದನ್ನು ಒತ್ತಿದರೆ ಕಬ್ಬಿನ ಲೆಕ್ಕ. ಬಲಗುಂಡಿ ಒತ್ತಿದರೆ ಇನ್ನೆರಡು ಹೆಸರು ಇಳಿಯುತ್ತವೆ. ‘ಆ್ಯಕ್ಷನ್ಸ್’ ಎಂಬ ಸಾಲು ಸೇರಿಸಿ, ಒಂದೊಂದಕ್ಕೂ ಪುಟ್ಟ ಭಾಗ ಬರೆದರೆ ಹಾಗೆ ಬರುತ್ತದೆ. ಮೊದಲನೆಯದು ‘ನಾಲೆ ನೀರು’. ವಿ.ಸಿ. ನಾಲೆಯ ಕೊನೆ ಭಾಗದವರಿಗೆ ಕಟ್ಟು ನೀರು ಬಿಡುವ ತಾರೀಕಿಗಿಂತ ದೊಡ್ಡ ದಾಖಲೆ ಇಲ್ಲ. ಎರಡನೆಯದಕ್ಕೆ ‘ಪಹಣಿ’ ಎಂದು ಬರೆದಿದ್ದೆ. ಅಪ್ಪ ಕನ್ನಡಕ ಹಾಕಿಕೊಂಡು ನೋಡಿದರು.

“ಪಾಣಿ ಅಂತ ಬರಿ. ನಮ್ಮನೇಲಿ ಯಾರ್ಲಾ ಪಹಣಿ ಅಂತಾರೆ?”

ತಿದ್ದಿದೆ. ಈಗ ಅವರೇ ಮೌಸ್ ಹಿಡಿದು ತೆಗೆಯುತ್ತಾರೆ.

2011ರಲ್ಲಿ ಉಬುಂಟುವಿನ ಡೆಸ್ಕ್‌ಟಾಪಿಗೆ ಯೂನಿಟಿ ಬಂತು, 2017ರಲ್ಲಿ ಹೋಗಿ ಗ್ನೋಮ್ ಮರಳಿತು. ಆದರೆ ಈ ಸಾಲುಗಳ ಬಗೆಯನ್ನು ಗ್ನೋಮ್, ಕೆಡಿಇ ಎಲ್ಲವೂ ಒಪ್ಪಿಕೊಂಡಿರುವುದರಿಂದ ಕಲಿತದ್ದು ವ್ಯರ್ಥವಾಗುವುದಿಲ್ಲ. ಮದ್ದೂರಿನಲ್ಲಿ ಅಕ್ಕನ ಕಂಪ್ಯೂಟರಿನಲ್ಲಿರುವುದು ಕೆಡಿಇ. ಅವಳ ಸ್ವಸಹಾಯ ಸಂಘದ ಸಾಲದ ಲೆಕ್ಕಕ್ಕೆ ನನ್ನ ಸಾಲುಗಳನ್ನೇ ನಕಲು ಮಾಡಿ, ವಿಳಾಸ, ಹೆಸರು, ಚಿತ್ರ ಬದಲಿಸಿ ಕೊಟ್ಟೆ. ವಡೆ ಬೇಯುವಷ್ಟರಲ್ಲಿ ಕೆಲಸ ಮುಗಿದಿತ್ತು.

ನೀವು ದಿನಾ ಹುಡುಕಿ ತೆಗೆಯುವ ಫೈಲು ಯಾವುದಿದೆಯೋ ಅದಕ್ಕೊಂದು ಬರೆದು ನೋಡಿ. ಹೆಸರನ್ನು ಮಾತ್ರ ನಿಮ್ಮ ಮನೆಯಲ್ಲಿ ಕರೆಯುವ ಹಾಗೆಯೇ ಇಡಿ.