ಕೊರಂಗಾಡಿನ ಗರಗಸ

ಕೊಂಗುನಾಡಿನ ತಮಿಳಿನಲ್ಲಿ ಕಾಡು ಎಂದರೆ ಹೊಲ. ಇದು ಗೊತ್ತಿಲ್ಲದೆ, ಕುನ್ನತ್ತೂರಿನ ಆಚೆ ಕೊರಂಗಾಡು ನೋಡಲು ಹೊರಟ ನಾನು ದಟ್ಟ ಮರಗಳನ್ನು ಹುಡುಕುತ್ತಿದ್ದೆ. ಸಿಕ್ಕಿದ್ದು ಕಿಳುವೆ ಮುಳ್ಳಿನ ಜೀವಂತ ಬೇಲಿ, ಒಳಗೆ ಒಣಹುಲ್ಲು, ಅಲ್ಲೊಂದು ಇಲ್ಲೊಂದು ಬಿಳಿಜಾಲಿ. ಕಾಂಗೇಯದ ತಳಿಯ ದನಗಳು ಮೇಯುವ ಖಾಸಗಿ ಹುಲ್ಲುಗಾವಲು ಅದು. ಜೊತೆಗಿದ್ದವರು ನಮ್ಮ ಮಾವ. ದೇವಾಂಗದವರು, ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು.

ಸುಸ್ತಾಗಿ ಒಂದು ಕಲ್ಲಿನ ಮೇಲೆ ಕೂರಲು ಬಾಗಿದೆ. ಕಾದ ಎಣ್ಣೆಗೆ ಹಸಿ ಕರಿಬೇವು ಬಿದ್ದಂಥ ಸದ್ದು.

"ಕಾಲೆತ್ತಬೇಡ, ಹಾಗೇ ನಿಲ್ಲು. ಸುರುಟ್ಟೈ," ಅಂದರು ಮಾವ.

ನಮ್ಮ ಗರಗಸ ಮಂಡಲ! ಒಂದೂವರೆ ಅಡಿಯೂ ಇಲ್ಲ, ಹೆಬ್ಬೆರಳ ದಪ್ಪ. ಮೈಯನ್ನು ಸುರುಳಿ ಸುತ್ತಿ, ಒಂದು ಮಡಿಕೆಯನ್ನು ಇನ್ನೊಂದಕ್ಕೆ ತಿಕ್ಕುತ್ತಲೇ ಇತ್ತು. ಬಾಯಿ ಮುಚ್ಚಿಯೇ ಇತ್ತು. ಪಕ್ಕೆಯ ಓರೆ ಹುರುಪೆಗಳಿಗೆ ಗರಗಸದಂಥ ಹಲ್ಲುಗಳಿವೆ. ಸದ್ದು ಬರುವುದು ಅವು ಒಂದಕ್ಕೊಂದು ಉಜ್ಜಿ. ಸಿನಿಮಾದಲ್ಲಿ ಬಾಲದ ಗಿಲಕಿ ಆಡಿಸುವ ಅಮೆರಿಕದ ರ‍್ಯಾಟಲ್‌ಸ್ನೇಕ್ ನೋಡಿ ಬೆಳೆದ ನನಗೆ, ಮೈಯೇ ಗಿಲಕಿಯಾದ ಈ ಹಾವಿನ ಮುಂದೆ ಅದು ಸಪ್ಪೆ ಅನಿಸಿತು. ಅದರ ಗಿಲಕಿ ನಮ್ಮ ಉಗುರಿನಂಥದೇ ಪದಾರ್ಥದ್ದು, ಪೊರೆ ಕಳಚಿದಾಗಲೆಲ್ಲ ಒಂದು ಬಳೆ ಸೇರುತ್ತದೆ. ಎರಡೂ ಹೇಳುವುದು ಮಾತ್ರ ಒಂದೇ: ಇಲ್ಲಿದ್ದೇನೆ, ತುಳಿಯಬೇಡ.

ಹೆದರಿಕೆ ಹೋಯಿತು ಎಂದರೆ ಸುಳ್ಳಾದೀತು. ಇದರ ವಿಷಕ್ಕೆ ರಕ್ತ ಹೆಪ್ಪುಗಟ್ಟುವುದೇ ನಿಲ್ಲುತ್ತದೆ. ಭಾರತದಲ್ಲಿ ಹೆಚ್ಚು ಜನರನ್ನು ಕೊಲ್ಲುವ ನಾಲ್ಕು ಹಾವುಗಳಲ್ಲಿ ಇದೂ ಒಂದು. ಆದರೆ ನಾಲ್ಕಕ್ಕೂ ಒಂದೇ ಪ್ರತಿವಿಷವಿದೆ. ಅದಕ್ಕೆ ಬೇಕಾದ ವಿಷವನ್ನು ಚೆನ್ನೈ ಬಳಿಯ ವಡನೆಮ್ಮೇಲಿಯಲ್ಲಿ 1978ರಲ್ಲಿ ಶುರುವಾದ ಇರುಳ ಬುಡಕಟ್ಟಿನವರ ಸಹಕಾರ ಸಂಘ ತೆಗೆಯುತ್ತದೆ, ಹಾವನ್ನು ಮತ್ತೆ ಬಯಲಿಗೆ ಬಿಡುತ್ತದೆ. "ಕಚ್ಚಿದರೆ ಕೊಯ್ಯೋದು, ಕಟ್ಟೋದು ಯಾವುದೂ ಬೇಡ. ನೇರ ದೊಡ್ಡಾಸ್ಪತ್ರೆ," ಅಂದರು ಮಾವ. ಕಲ್ಲು, ಸೌದೆ ಎತ್ತುವಾಗ ಕೋಲು ಮುಂದು, ಕೈ ಹಿಂದು, ರಾತ್ರಿ ಟಾರ್ಚು. ಅವರ ಅರವತ್ತು ವರ್ಷದ ಹಾವಿನ ವಿದ್ಯೆ ಇಷ್ಟೇ.

ನಾವು ಎರಡು ಹೆಜ್ಜೆ ಹಿಂದೆ ಸರಿದೆವು. ಸದ್ದು ನಿಂತಿತು. ಹಾವು ಸುರುಳಿ ಬಿಚ್ಚಿ, ಅಡ್ಡಡ್ಡಲಾಗಿ ಮೈ ಎಸೆಯುತ್ತ ಬೇಲಿಯ ಬುಡಕ್ಕೆ ಹೋಯಿತು. ಕೆಂಪು ಮಣ್ಣಿನ ಮೇಲೆ ಯಾರೋ ಬಾಚಣಿಗೆ ಓರೆಯಾಗಿ ಎಳೆದಂತೆ ಗೆರೆಗಳು ಉಳಿದವು.

ಮಾವ ಕಲ್ಲನ್ನು ಕೋಲಿನಿಂದ ಎರಡು ಸಲ ತಟ್ಟಿ, "ಈಗ ಕೂತ್ಕೊ" ಅಂದರು.

ನಾನು ನಿಂತೇ ಇದ್ದೆ.