ಜೋಳದ ಬೇರು ಮಾಡುವ ಕೆಲಸ

ನಮ್ಮ ಕಡೆ ಜೋಳ ಬಿತ್ತಿದವರಿಗೆ ಗೊತ್ತು, ಉಳ್ಳಾಗಡ್ಡಿ ಹೊಲಕ್ಕೆ ಕಸ ತೆಗೆಯಲು ಬೇಕಾದಷ್ಟು ಆಳು ಜೋಳಕ್ಕೆ ಬೇಡ. ಒಂದೆರಡು ಸಲ ಎಡೆ ಹೊಡೆದರೆ ಆಯಿತು. ಜೋಳ ಎತ್ತರ ಬೆಳೆದು ನೆರಳು ಮಾಡುತ್ತದೆ, ಕಸ ಏಳುವುದಿಲ್ಲ ಅನ್ನುತ್ತಾರೆ. ಅದು ಅರ್ಧ ಮಾತು.

ಉಳಿದರ್ಧ ಮಣ್ಣಿನೊಳಗಿದೆ. ಜೋಳದ ಬೇರಿಗೆ ಕೂದಲಿನಂಥ ಎಳೆಗಳಿರುತ್ತವೆ. ಅವುಗಳಿಂದ ಎಣ್ಣೆಯಂಥ ಸಣ್ಣ ಹನಿ ಒಸರುತ್ತದೆ. 1980ರ ದಶಕದಲ್ಲಿ ಅಮೆರಿಕದ ವಿಜ್ಞಾನಿಗಳು ಇದನ್ನು ಗುರುತಿಸಿದರು, ಹೆಸರು ಸೋರ್ಗೋಲಿಯೋನ್. ಆಗಷ್ಟೇ ಮೊಳೆತ ಸಣ್ಣ ಕಸ ಇದನ್ನು ಹೀರಿದರೆ, ಬಿಸಿಲಿನಲ್ಲಿ ಆಹಾರ ಮಾಡಿಕೊಳ್ಳುವ ಅದರ ಶಕ್ತಿಗೆ ಪೆಟ್ಟು ಬೀಳುತ್ತದೆ. ಗೋವಿನಜೋಳಕ್ಕೆ ಹೊಡೆಯುವ ಅಟ್ರಾಜಿನ್ ಕೂಡ ಕಸವನ್ನು ಹಿಡಿಯುವುದು ಇದೇ ಜಾಗದಲ್ಲಿ!

ನಮ್ಮ ಮನೆಯಲ್ಲಿ ಈ ವಿಷಯ ಎದ್ದಿದ್ದು ಪಂಪಿನ ಕಾರಣಕ್ಕೆ. ಕೂಲಿ ಏರಿತು, ಆಳು ಸಿಗುವುದಿಲ್ಲ ಅಂತ ಕಾಕಾ ಹತ್ತಿಗೆ ಕಸದ ಔಷಧ ಹೊಡೆಯಲು ಹೊರಟರು. ಅವ್ವ ಅಡ್ಡ ಬಂದಳು: "ಔಷಧ ಹೊಡದ ಮ್ಯಾಲ ಬದುವಿನ ಹುಲ್ಲು ಎಮ್ಮಿಗೆ ಹಾಕಬ್ಯಾಡ್ರಿ ಅಂತೀರಿ. ಮತ್ತ ಎಮ್ಮಿ ಏನ್ ತಿನ್ನಬೇಕು?" ಹಾಗಂತ ಮಂಡಿಯೂರಿ ಕಸ ತೆಗೆದು ನಡ ಹಿಡಿದುಕೊಂಡವಳೂ ಅವ್ವನೇ. ಇಬ್ಬರ ಮಾತೂ ತೆಗೆದುಹಾಕುವಂಥದ್ದಲ್ಲ.

ಪಾಕಿಸ್ತಾನದ ಫೈಸಲಾಬಾದ್ ಕೃಷಿ ವಿಶ್ವವಿದ್ಯಾಲಯದವರು ಜೋಳದ ನೀರನ್ನೇ ಔಷಧ ಮಾಡಿದ್ದಾರೆ. ಒಂದು ಕಿಲೋ ಒಣ ಜೋಳದ ಗಿಡ ಕತ್ತರಿಸಿ ಹತ್ತು ಲೀಟರ್ ನೀರಿನಲ್ಲಿ 24 ತಾಸು ನೆನೆಸಿ, ಸೋಸಿ, ಕುದಿಸಿ ಗಟ್ಟಿ ಮಾಡಿ ಗೋಧಿಗೆ ಹೊಡೆದರು. ಕಸ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಕಡಿಮೆಯಾಯಿತು. ಕೇಳಲು ಚೆಂದ. ಆದರೆ ಕಣಿಕೆಯ ಸೂಡು ಎಣಿಸಿ ಇಡುವ ನಮ್ಮೂರಲ್ಲಿ ಅದನ್ನು ನೀರಿಗೆ ಹಾಕುವವರು ಯಾರು? ಕುದಿಸಲು ಕಟ್ಟಿಗೆ ಬೇರೆ.

ನಮಗೆ ಹಿಡಿಸಿದ್ದು ಅವರದೇ ಇನ್ನೊಂದು ಪ್ರಯೋಗ. ಹತ್ತಿ ಸಾಲುಗಳ ನಡುವೆ ಜೋಳ ಬಿತ್ತಿದಾಗ ಜೇಕು ಚೆನ್ನಾಗಿ ತಗ್ಗಿತು. ಜೇಕು ಎಂಥ ಹಟಮಾರಿ ಅಂತ ಹೇಳಬೇಕಿಲ್ಲ. ಹತ್ತಿ ಇಳುವರಿಯೂ ಒಂದಿಷ್ಟು ಕಡಿಮೆಯಾಯಿತು, ಅದನ್ನು ಮುಚ್ಚಿಡಬಾರದು. ಬೇರಿನ ಹನಿಗೆ ಕಸ ಯಾವುದು, ಬೆಳೆ ಯಾವುದು ಅಂತ ಭೇದವಿಲ್ಲ. ಸಣ್ಣ ಬೀಜದ ಬೆಳೆಯನ್ನು ಜೋಳದ ಕೂಳೆಯಲ್ಲಿ ಕೂಡಲೇ ಬಿತ್ತದಿರುವುದೇ ಲೇಸು. ಎಳೆ ಜೋಳಕ್ಕೆ ದನ ಬಾಯಿ ಹಾಕದಂತೆಯೂ ನೋಡಿಕೊಳ್ಳಿ, ಅದರ ನಂಜೇ ಬೇರೆ.

ಅಕ್ಕಡಿ ಸಾಲು ನಮಗೆ ಹೊಸದೇನಲ್ಲ. ಈ ಮುಂಗಾರಿಗೆ ಅರ್ಧ ಎಕರೆ ಹತ್ತಿಯೊಳಗೆ ಜೋಳದ ಸಾಲು ಹಾಕಿದ್ದೇವೆ, ಪಕ್ಕದ ಅರ್ಧ ಎಕರೆ ಬರೀ ಹತ್ತಿ. ಕಾಕಾನ ಪಂಪು ಇನ್ನೂ ಅಟ್ಟದ ಮೇಲಿದೆ, ಮಾರಿಲ್ಲ. ಕಸಕ್ಕೆ ಎಲ್ಲಿ ಎಷ್ಟು ಆಳು ಬಿತ್ತು ಅಂತ ಅವ್ವ ಕ್ಯಾಲೆಂಡರಿನಲ್ಲಿ ಗೆರೆ ಎಳೆಯುತ್ತಿದ್ದಾಳೆ. ಇವತ್ತಿಗೆ ಜೋಳದ ಕಡೆ ಮೂರು, ಆ ಕಡೆ ಐದು.